ಕಂಡವರನ್ನು ಕರೆತನ್ನಿ ಎನ್ನುತ್ತಿದ್ದ ನಮ್ಮ ಅತ್ತೆ

ಸಂಶಯವೇ ಜ್ಞಾನದ ಮೊದಲ ಮೆಟ್ಟಿಲು ಎಂದು ಪ್ರಾಜ್ಞರು ಹೇಳುತ್ತಾರೆ. ನಮ್ಮ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಆ ಮೆಟ್ಟಿಲ ಮೇಲೆಯೇ ಚಾಪೆ ಹಾಸಿಕೊಂಡು ಕೂತವರು. ಯಾರೇ ಬಾಯಿ ತೆರೆದರೂ ಅವರ ಎಡಹುಬ್ಬು ಹಣೆಯ ವಿಭೂತಿಯತ್ತ ಏರತೊಡಗುತ್ತಿತ್ತು. ಹೆಣ್ಣು ಕೇಳಲು ಬಸವಾಪಟ್ಟಣಕ್ಕೆ ಹೋದಾಗ ನಮ್ಮ ದೊಡ್ಡಪ್ಪ ನನ್ನ ಸದ್ಗುಣಗಳನ್ನು ವರ್ಣಿಸುತ್ತಿದ್ದಂತೆ ಅದು ಅರ್ಧದವರೆಗೆ ಏರಿ ನಿಂತಿತು. ಮದುವೆಯೇನೋ ಆಯಿತು. ಆ ಹುಬ್ಬು ಪೂರ್ತಿ ಇಳಿದದ್ದನ್ನು ನಾನು ಕಾಣಲಿಲ್ಲ.

ದೆವ್ವ, ಮಾಟ, ಬಾನಾಮತಿ, ಯಾವುದನ್ನು ಹೇಳಿದರೂ ಅವರದು ಒಂದೇ ಮಾತು: “ಕಂಡೋರ್ಯಾರು? ಅವ್ರನ್ನ ಕರ್ಕಂಬರ್ರಿ.” ಒಮ್ಮೆ ಬುಡಬುಡಿಕೆಯವನೊಬ್ಬ ಬಾಗಿಲಲ್ಲಿ ನಿಂತು, ಶ್ರಾವಣ ಕಳೆಯುವುದರೊಳಗೆ ಈ ಮನೆಯ ಯಜಮಾನಿಯ ಜೀವ ಹೋಗುತ್ತದೆ ಎಂದ. ಅತ್ತೆ ಶಾಂತಿ ಮಾಡಿಸಲಿಲ್ಲ; ಗೌರಿ ಹಬ್ಬಕ್ಕೆ ಊಟಕ್ಕೆ ಬಾ ಎಂದು ಅವನನ್ನೇ ಕರೆದರು. ಅವನೂ ಧೈರ್ಯಸ್ಥ, ಬಂದ. “ಸತ್ತೋಳು ಬಡಿಸ್ತಾಳೆ, ಸಂಕೋಚ ಮಾಡ್ಕಬ್ಯಾಡಪ್ಪ,” ಎಂದು ಹೋಳಿಗೆಯ ಮೇಲೆ ತುಪ್ಪ ಸುರಿದರು. ಅವನು ಇನ್ನೊಂದು ಹಾಕಿಸಿಕೊಂಡ.

ಎರಡನೇ ಮಹಾಯುದ್ಧದ ಕಾಲದಲ್ಲಿ ನಾವು ಹೊನ್ನಾಳಿಯಲ್ಲಿದ್ದೆವು. ಸಾಸ್ವೆಹಳ್ಳಿ ಕಡೆ ಸಿಡುಬು ಎದ್ದಿತ್ತು. ಮಕ್ಕಳಿಗೆ ದೇವಿ ಹಾಕುವವರು, ಅಂದರೆ ಸಿಡುಬಿನ ಲಸಿಕೆ ಚುಚ್ಚುವವರು, ಊರಿಗೆ ಬರುವ ಮೊದಲೇ ಒಂದು ಸುದ್ದಿ ಬಂತು: ತೋಳಿನ ಮೇಲೆ ಅವರು ಚುಚ್ಚುವುದು ರೋಗ ತಡೆಯಲಿಕ್ಕಲ್ಲ, ಅದು ಸರ್ಕಾರದ ಗುರುತು, ಗುರುತಿದ್ದವರನ್ನು ಬೆಳೆದ ಮೇಲೆ ಯುದ್ಧಕ್ಕೆ ಹಿಡಿದೊಯ್ಯುತ್ತಾರೆ. ನನ್ನ ಹೆಂಡತಿ ನಮ್ಮ ಎಳೆಗೂಸನ್ನು ಸೆರಗಿನೊಳಗೆ ಮುಚ್ಚಿಕೊಂಡು, ದೇವಿ ಹಾಕಿಸುವುದಿಲ್ಲ ಎಂದು ಕೂತಳು. ನಾನು ಮನೆಯ ಯಜಮಾನನಿಗೆ ತಕ್ಕ ಗಾಂಭೀರ್ಯದಿಂದ ವಾದಿಸಿ, ಸೋತು, ಅತ್ತೆಗೆ ಹೇಳಿಕಳಿಸಿದೆ.

ಅತ್ತೆ ಬಂದು, ನೀರು ಕುಡಿದು, ಇದನ್ನು ಹೇಳಿದ್ದು ಯಾರು ಎಂದು ಮಗಳನ್ನು ಕೇಳಿದರು. ಎದುರು ಮನೆಯ ದರ್ಜಿಯ ಹೆಂಡತಿ. ಆಕೆಗೆ ಹೇಳಿದ್ದು ಕಿರಾಣಿ ಅಂಗಡಿಯವನು. ಅತ್ತೆ ಅಂಗಡಿಗೇ ನಡೆದರು, ಹಿಂದೆ ನಾನು.

“ನಿಮಗ್ಯಾರು ಹೇಳಿದ್ದು?”

“ನಿಮ್ಮ ಮಗಳೇ ಅಲ್ಲೇನ್ರೀ!” ಎಂದ ಅಂಗಡಿಯವನು. “ಬೆಲ್ಲ ತಗಣಾಕೆ ಬಂದಾಗ, ‘ಎಲ್ಲಾರ ತೋಳಿಗೂ ಯಾಕೆ ಗುರ್ತು ಹಾಕ್ತಾರೋ, ಮುಂದೆ ಯುದ್ಧಕ್ಕೆ ಹಿಡಿಯಾಕೋ ಏನೋ’ ಅಂದ್ರು.”

ಅತ್ತೆ ಮನೆಗೆ ಬಂದು ಮಗಳ ಮುಂದೆ ಕೂತರು. “ಸರ್ಕಾರದ ಗುಟ್ಟು ನಿನ್ನ ಬಾಯಾಗೇ ಹುಟ್ಟೈತಲ್ಲೇ! ಬೀದಿ ಸುತ್ತಿ ಮನೀಗೆ ಬಂದ್ರೆ ನೀನೇ ಅದಕ್ಕೆ ಹೆದ್ರಿದ್ಯಾ?”

ನಾನು ನಕ್ಕೆ. ಹೆಂಡತಿ ನಗಲಿಲ್ಲ. “ಸುಮ್ನೆ ಅಂದಿದ್ದೇ ನಿಜ ಆದ್ರೆ ಏನವ್ವ ಮಾಡ್ಲಿ?” ಎಂದಳು. ಕಣ್ಣಲ್ಲಿ ನೀರಿತ್ತು.

ಅತ್ತೆಯ ದನಿ ಮೆತ್ತಗಾಯಿತು. “ನಿಜ ಅಂತಾನೇ ಇಟ್ಕ. ಯುದ್ಧಕ್ಕೆ ಹೋಗಾಕೂ ಮಗ ಬೆಳೀಬೇಕಲ್ಲವ್ವ. ಮೊದ್ಲು ಉಳಿಸ್ಕ. ಹಿಡಿಯಾಕೆ ಬಂದ್ರೆ ಬಾಗ್ಲಾಗೆ ನಾನು ಕೂತಿರ್ತೀನಿ.”

ಆ ಬಾಗಿಲು ದಾಟುವ ಎದೆಗಾರಿಕೆ ಚಕ್ರಾಧಿಪತ್ಯಕ್ಕೆ ಇತ್ತೆಂದು ನಾನು ಈಗಲೂ ನಂಬುವುದಿಲ್ಲ. ಹೆಂಡತಿ ಮಗುವನ್ನು ತಾಯಿಯ ತೊಡೆಯ ಮೇಲಿಟ್ಟಳು. ದೇವಿ ಹಾಕುವವರು ಬಂದಾಗ ಅತ್ತೆಯೇ ಅದರ ತೋಳು ಹಿಡಿದು ಕೂತರು. ಆಮೇಲೆ ದರ್ಜಿಯ ಮನೆಗೂ ಹೋಗಿ, ಮಗಳಿಗೆ ದೇವಿ ಹಾಕಿಸಿ ಎಂದು ಬಹಳ ಹೊತ್ತು ಹೇಳಿದರು. ಅವರು ಒಪ್ಪಲಿಲ್ಲ.

ಬೇಸಿಗೆಯಲ್ಲಿ ಸಿಡುಬು ನಮ್ಮ ಬೀದಿಗೆ ಬಂತು. ದರ್ಜಿಯ ಮಗಳು ಉಳಿಯಲಿಲ್ಲ. ನಮ್ಮ ಮಗ ಉಳಿದ.