ಊರೆಲ್ಲ ನೋಡಿದ ಸೀರೆ

ಸಾಗರದ ಪೇಟೆಯಲ್ಲಿರುವ ನಮ್ಮ ಜವಳಿ ಅಂಗಡಿಗೆ ರಸ್ತೆಯ ಕಡೆ ಮುಖ ಮಾಡಿದ ಒಂದು ಗಾಜಿನ ಷೋಕೇಸಿದೆ. ಅದರೊಳಗೆ ಏನಿಡಬೇಕು ಅಂತ ನಾನೂ ಅಪ್ಪನೂ ಆಡಿದ ಜಗಳ ಅಷ್ಟಿಷ್ಟಲ್ಲ. ನಿಜಕ್ಕೂ ಜಗಳ ಅಂಗಡಿಯದೇ. ರೆಡಿಮೇಡ್ ಬಟ್ಟೆಯ ದೊಡ್ಡ ಕಂಪನಿಯೊಂದು ನಮ್ಮ ಜಾಗವನ್ನು ಬಾಡಿಗೆಗೆ ಕೇಳಿತ್ತು. ಅಪ್ಪನಿಗೆ ಮಂಡಿ ನೋವು, ಗಾದಿಯ ಮೇಲೆ ಕೂತು ಏಳುವುದೇ ಕಷ್ಟ. ಕೊಟ್ಟುಬಿಡೋಣ ಎಂದರು. ನಾನು ಸುತರಾಂ ಒಪ್ಪಲಿಲ್ಲ.

"ಹಂಗಾದ್ರೆ ಈ ಮದುವೆ ಸೀಸನ್ ನೀನೇ ನಡ್ಸು. ಜನ ಬಂದ್ರೆ ಅಂಗಡಿ ನಿಂದು. ಬರ್ಲಿಲ್ಲ ಅಂದ್ರೆ ಬೀಗದ ಕೈ ಅವ್ರಿಗೆ," ಎಂದರು.

ನನಗೆ ಧೈರ್ಯವಿತ್ತು. ಬೆಂಗಳೂರಿನಲ್ಲಿ ನಾನು ಅನ್ನ ತಿಂದದ್ದೇ ಷೋಕೇಸಿನ ಗೊಂಬೆಗಳಿಗೆ ಬಟ್ಟೆ ತೊಡಿಸಿ. ಮೊದಲು ಇದ್ದದ್ದು ಊರೂರಲ್ಲೂ ಶಾಖೆಯಿರುವ ಒಂದು ಅಂಗಡಿಯಲ್ಲಿ. ಅಲ್ಲಿ ಎಲ್ಲ ಶಾಖೆಗೂ ಒಂದೇ ನಕ್ಷೆ ಬರುತ್ತಿತ್ತು: ಯಾವ ಮೇಜಿನ ಮೇಲೆ ಯಾವ ಬಣ್ಣ, ಯಾವ ಗೊಂಬೆಯ ಕೈಯಲ್ಲಿ ಯಾವ ಚೀಲ. ಬಾಗಿಲ ಬಳಿ ಅಗ್ಗದ ಟೀ ಶರ್ಟುಗಳ ರಾಶಿ. ಅವನ್ನು ತೀರಾ ಅಚ್ಚುಕಟ್ಟಾಗಿ ಮಡಿಸಿದರೆ ಬೈಗುಳ. ಸ್ವಲ್ಪ ಕೆದರಿದ್ದರೆ ಮಾತ್ರ ಜನ ಸಂಕೋಚ ಬಿಟ್ಟು ಕೈ ಹಾಕುತ್ತಾರಂತೆ. ಆಮೇಲೆ ಸೇರಿದ್ದು ಶ್ರೀಮಂತರು ಬರುವ ಮಾಲ್‌ನ ಒಂದು ಅಂಗಡಿಗೆ. ಅಲ್ಲಿ ಅಷ್ಟು ದೊಡ್ಡ ಗಾಜಿನ ಹಿಂದೆ ಒಂದೇ ಗೊಂಬೆ, ಒಂದೇ ಉಡುಪು, ಉಳಿದದ್ದೆಲ್ಲ ಬರೀ ಗೋಡೆ ಮತ್ತು ಬೆಳಕು. ಬೆಲೆಯ ಚೀಟಿ ತೋಳಿನೊಳಗೆ ಅಡಗಿರಬೇಕು. ಮುಟ್ಟಿ ನೋಡುವುದಿರಲಿ, ಒಳಗೆ ಬರಲೇ ಜನ ಹೆದರುತ್ತಿದ್ದರು. ಆ ಖಾಲಿತನದಲ್ಲೇ ಬೆಲೆ ಇರುವುದು ಎಂದು ನನಗೆ ಅಲ್ಲಿ ಕಲಿಸಿದರು, ನಾನೂ ಅದನ್ನು ನಂಬಿಕೊಂಡೇ ಊರಿಗೆ ಮರಳಿದ್ದೆ.

ಅಂಗಡಿ ವಹಿಸಿಕೊಂಡವಳೇ ಷೋಕೇಸಿನಲ್ಲಿ ಅಪ್ಪ ತುಂಬಿದ್ದ ನೈಟಿ, ಟವೆಲ್ಲು, ಮಕ್ಕಳ ಫ್ರಾಕುಗಳನ್ನೆಲ್ಲ ತೆಗೆಸಿದೆ. ಗೋಡೆಗೆ ಬಿಳಿ ಬಣ್ಣ ಹೊಡೆಸಿ, ಒಂದೇ ಗೊಂಬೆ ನಿಲ್ಲಿಸಿ, ಅಂಗಡಿಯಲ್ಲಿದ್ದ ಅತಿ ಒಳ್ಳೆಯ ಧಾರೆ ಸೀರೆಯನ್ನು ಉಡಿಸಿದೆ. ಅರಿಶಿನ ಬಣ್ಣದ ಒಡಲು, ಕೆಂಪು ಅಂಚು. ಸಂಜೆ ದೀಪ ಹಾಕಿದಾಗ ರಸ್ತೆಯಾಚೆ ನಿಂತು ನೋಡಿ ಹೆಮ್ಮೆಪಟ್ಟೆ.

ಮರುದಿನ ಹೊಸನಗರದ ಹಳೆಯ ಗಿರಾಕಿಯೊಬ್ಬರು ಬಂದರು. ಒಂದೇ ಗೊಂಬೆ ನಿಂತ ಖಾಲಿ ಷೋಕೇಸನ್ನೂ ಅಪ್ಪನನ್ನೂ ನೋಡಿ ಮುಖ ಸಣ್ಣ ಮಾಡಿಕೊಂಡು, "ಮುಚ್ತಿದೀರಂತಾ? ಪಾಪ. ಉಳಿದ ಮಾಲು ಅರ್ಧಕ್ಕೆ ಕೊಡ್ತೀರಾ ಹೆಂಗೆ?" ಎಂದರು. ಅಪ್ಪ ನನ್ನ ಕಡೆ ತಿರುಗಿ ನೋಡಿದರು.

ಅದನ್ನು ನಕ್ಕು ಮರೆಯಬಹುದಿತ್ತು. ಮರೆಯಲಾಗದ್ದು ಆಮೇಲೆ ಬಂತು. ಮಗಳ ಮದುವೆ ಜವಳಿಗೆ ಬಂದ ಅಡಿಕೆ ತೋಟದ ಮನೆಯ ಅಮ್ಮ ಷೋಕೇಸಿನ ಮುಂದೆ ಬಹಳ ಹೊತ್ತು ನಿಂತರು. ನಾನು ಖುಷಿಯಿಂದ ಸೀರೆ ಇಳಿಸಲು ಹೋದೆ. ಅವರು ತಡೆದರು.

"ಚೊಲೊ ಇದ್ದು. ಆದ್ರೆ ಊರವೆಲ್ಲ ನೋಡಿ ಆತಲೆ! ಎಂಗಳ ಕೂಸಿಗೆ ಧಾರೆಗೆ ಇದು ಬ್ಯಾಡ."

ಅವರೊಬ್ಬರೇ ಅಲ್ಲ, ಮದುವೆ ಜವಳಿಗೆ ಬಂದವರೆಲ್ಲ ಅದನ್ನೇ ಹೇಳಿದರು. ಮದುಮಗಳ ಸೀರೆಯನ್ನು ಜನ ಮೊದಲು ನೋಡಬೇಕಾದದ್ದು ಮಂಟಪದಲ್ಲಿ. ಬಸ್‌ಸ್ಟ್ಯಾಂಡಿಗೆ ಹೋಗುವವರೆಲ್ಲ ಕಣ್ಣು ಹಾಕಿದ ಸೀರೆಯನ್ನು ಉಟ್ಟು ಅವಳು ಹೇಗೆ ಕೂರುತ್ತಾಳೆ? ನಾನು ಅದೇ ಊರಲ್ಲಿ ಹುಟ್ಟಿ ಬೆಳೆದವಳು. ನನಗಿದು ಹೊಳೆಯದೇ ಹೋಯಿತಲ್ಲ!

ಸೋಲಲು ಮನಸ್ಸಿರಲಿಲ್ಲ. ಕೂತು ಯೋಚಿಸಿದೆ. ಮಾಲ್‌ನ ಆ ದುಬಾರಿ ಅಂಗಡಿಯಲ್ಲೂ ಅತಿ ಬೆಲೆಯ ಮಾಲು ಷೋಕೇಸಿಗೆ ಬರುತ್ತಲೇ ಇರಲಿಲ್ಲ. ಹಿಂದೊಂದು ಕೋಣೆಯಿತ್ತು; ಬಾಗಿಲು ಹಾಕಿ, ಚಹಾ ಕೊಟ್ಟು, ಒಬ್ಬರಿಗೇ ತೋರಿಸುತ್ತಿದ್ದರು. ಗಾಜಿನ ಪಾಠವನ್ನಷ್ಟೇ ಕಲಿತು ಬಂದ ನಾನು ಆ ಕೋಣೆಯನ್ನು ಮರೆತುಬಿಟ್ಟಿದ್ದೆ.

ಹಾಗಾಗಿ ಎಲ್ಲ ತಿರುಗುಮುರುಗು ಮಾಡಿದೆ. ಮುಂದುಗಡೆ ಪೂರ್ತಿ ಬೆಂಗಳೂರಿನ ಮೊದಲ ಅಂಗಡಿಯ ಪದ್ಧತಿ: ದಿನಬಳಕೆಯ ಸೀರೆಗಳ ರಾಶಿ ಬಾಗಿಲಲ್ಲೇ, ಯಾರು ಬೇಕಾದರೂ ಎಳೆದು ಬಿಡಿಸಿ ನೋಡಲಿ. ಅಟ್ಟದ ಮೇಲಿನ ಗೋದಾಮನ್ನು ತೊಳೆದು, ಗಾದಿ ಹಾಸಿ, ಧಾರೆ ಸೀರೆಗಳನ್ನೆಲ್ಲ ಅಲ್ಲಿಗೆ ಏರಿಸಿದೆ. ಒಂದು ಸಲಕ್ಕೆ ಒಂದೇ ಮನೆಯವರು, ಬಾಗಿಲು ಭದ್ರ.

"ಬಾಗ್ಲು ಹಾಕಿ ಮಾರಾಕೆ ಅದೇನು ಕಳ್ಳ ಮಾಲಾ ಮಾರಾಯ್ತಿ?" ಎಂದು ಅಪ್ಪ ಕೂಗಾಡಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅದೇ ಅಮ್ಮ ಮಗಳನ್ನು ಕರೆದುಕೊಂಡು ಮತ್ತೆ ಬಂದರು. ಒಂದೊಂದು ಸೀರೆಗೂ, "ಬೇರೆ ಯಾರಿಗೂ ತೋರ್ಸಿದ್ದಿಲ್ಲೆ ಅಲ್ದಾ?" ಎಂದು ಕೇಳಿ, ಕೊನೆಗೆ ತಾವೂ ತೆಗೆದುಕೊಂಡು ನೆಂಟರನ್ನೂ ಕಳಿಸಿದರು. ಷೋಕೇಸಿನ ಸೀರೆ ತೀರ್ಥಹಳ್ಳಿಯವರ ಪಾಲಾಯಿತು. ನಾನು ನಡೆದದ್ದನ್ನು ಮುಚ್ಚಿಡದೆ ಹೇಳಿದಾಗ ಆ ಮನೆಯ ಯಜಮಾನತಿ, "ನಮ್ಮೂರೋರು ನೋಡಿಲ್ವಲ, ಸಾಕು ಬಿಡಿ," ಎಂದು ನಕ್ಕರು.

ಸೀಸನ್ ಮುಗಿಯುವ ಮೊದಲೇ, ಜಾಗ ಬಾಡಿಗೆಗೆ ಕೇಳಿದ್ದ ಕಂಪನಿಯವನು ಉತ್ತರ ಕೇಳಲು ಬಂದ. ನಾನು ಮೇಲೆ, ಬಾಗಿಲು ಹಾಕಿಕೊಂಡು ಒಂದು ಮನೆಯವರಿಗೆ ಸೀರೆ ಬಿಡಿಸುತ್ತಿದ್ದೆ. ಅಪ್ಪ ಮಂಡಿ ಹಿಡಿದುಕೊಂಡು ಮೆಟ್ಟಿಲು ಹತ್ತುವುದು ಕೇಳಿಸಿತು, ಹಿಂದೆಯೇ ಅವನ ಬೂಟಿನ ಸದ್ದು. ಅವನು ಬಾಗಿಲು ತಟ್ಟಿದ.

"ತಟ್ಬ್ಯಾಡ್ರಿ," ಎಂದರು ಅಪ್ಪ. "ಒಳಗೆ ಗಿರಾಕಿ ಇದಾರೆ. ಅಂಗಡಿ ಈಗ ಅವ್ಳದು. ಉತ್ತರ ಬೇಕಂದ್ರೆ ಅವ್ಳು ಹೊರಗೆ ಬರೋತನಕ ಕಾಯ್ಬೇಕು. ನಾನೂ ಕಾಯ್ತೀನಿ."

ನನಗೆ ಅಳು ಬಂತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮುಂದಿನ ಸೀರೆ ಬಿಡಿಸಿದೆ. ಬಾಗಿಲು ತೆಗೆದದ್ದು ಮದುಮಗಳು ಒಪ್ಪಿದ ಮೇಲೆಯೇ.