ವ್ಯಾನಲ್ಲಿ ಮೊದಲು ಹುಟ್ಟಿದವನಿಗೆ ಒಂದು ಶಾಲು

ಸ್ನೇಹಿತರೇ, ಇವತ್ತು ಮುಳಬಾಗಿಲಲ್ಲಿ ಒಂದು ಶಾಲಿಗೆ ಇಬ್ಬರು ಗಂಡಸರು ಕಿತ್ತಾಡಿದ್ದನ್ನ ಕಣ್ಣಾರೆ ನೋಡ್ದೆ.

ಎಂಬತ್ತರ ದಶಕದಲ್ಲಿ ಊರವರೇ ಚಂದಾ ಎತ್ತಿ ಓಡಿಸಿದ, ನಮ್ಮ ಕಡೆಯ ಮೊದಲ ಆಂಬುಲೆನ್ಸ್ ವ್ಯಾನಿನ ನೆನಪಿಗೆ ಸಮಾರಂಭ. ಆ ವ್ಯಾನಲ್ಲೇ ಮೊದಲು ಹುಟ್ಟಿದವರಿಗೆ ಸನ್ಮಾನ ಅಂತ ಕೂಗಿದ್ದೇ ತಡ, ತಾಯಲೂರಿನ ಮುನಿರಾಜು, ರಾಯಲ್ಪಾಡಿನ ರೆಡ್ಡೆಪ್ಪ ಇಬ್ಬರೂ ವೇದಿಕೆ ಹತ್ತಿಬಿಟ್ಟರು.

"ನಾನೇ ಮೊದಲು!"

"ಏಯ್, ಇಳಿಯಯ್ಯಾ ಕೆಳಗೆ!"

ಇಬ್ಬರಿಗೂ ಅರ್ಧ ತಲೆ ನರೆತಿದೆ.

ಕೊನೆಗೆ ಮೈಕು ಅಂದಿನ ಡ್ರೈವರ್ ಬಾಷಾ ಸಾಬರ ಕೈಗೆ ಹೋಯ್ತು. "ಜಗಳ ಬ್ಯಾಡ್ರೋ. ನಿಮ್ಮಿಬ್ಬರಿಗೂ ಒಬ್ಬ ಅಣ್ಣ ಇದ್ದ. ಕಾಲು ಮುರ್ಕೊಂಡಿದ್ದ ಅಜ್ಜಿಯೊಬ್ಬಳು 'ನನ್ ಮೇಕೆ ಬರದಿದ್ರೆ ನಾನೂ ಬರಲ್ಲ' ಅಂತ ಹಟ ಹಿಡಿದ್ಲು. ಹತ್ತಿಸ್ಕೊಂಡೆ. ಮೇಕೆಗೋ ತುಂಬು ಗಬ್ಬ. ದಾರೀಲೇ ಮರಿ ಹಾಕ್ತು. ನಮ್ ವ್ಯಾನಿನ ಮೊದಲ ಹೆರಿಗೆ ಅದೇ ಕಣ್ರೋ!"

ಸಭೆಗೆ ಸಭೆಯೇ ಬಿದ್ದೂ ಬಿದ್ದೂ ನಕ್ಕಿತು. ಶಾಲು ಬಾಷಾ ಸಾಬರ ಹೆಗಲಿಗೇ ಬಿತ್ತು.

ಊಟಕ್ಕೆ ಮಟನ್ ಬಿರಿಯಾನಿ. ಮುನಿರಾಜು, ರೆಡ್ಡೆಪ್ಪ ಪಕ್ಕಪಕ್ಕ ಕೂತು ತಟ್ಟೆಯನ್ನೇ ನೋಡ್ತಿದ್ರು.

"ಯಾಕ್ರಣ್ಣ, ತಿನ್ನಲ್ವಾ?" ಅಂದೆ.

ರೆಡ್ಡೆಪ್ಪ ನಿಟ್ಟುಸಿರು ಬಿಟ್ಟ. "ನಮ್ಮಣ್ಣನ ವಂಶದವರೋ ಏನೋ, ಯಾರಿಗ್ಗೊತ್ತು ಸಾರ್."