ಇಪ್ಪತ್ತೊಂದನೇ ಮನೆಯ ಭಾಷೆ ಬಾರದ ಅಧ್ಯಕ್ಷ

ನನ್ನ ಗೆಳೆಯ ವಿಶ್ವೇಶ್ವರ ಹುನಗುಂದ ತಿರುವನಂತಪುರದಲ್ಲಿ ಏಳು ವರ್ಷದಿಂದ ಅಧ್ಯಕ್ಷನಾಗಿದ್ದಾನೆ. ಯಾವ ದೇಶಕ್ಕೆ ಎಂದು ಕೇಳಬೇಡಿ, ನಲವತ್ತೊಂದು ಮನೆಗಳ ಒಂದು ಓಣಿಗೆ. ಆ ಪದವಿಗೆ ಅವನಿಗೆ ಎರಡು ಅರ್ಹತೆಗಳಿದ್ದವು. ಒಂದು, ಅವನ ಮನೆಯ ನಂಬರು ಇಪ್ಪತ್ತೊಂದು. ಇನ್ನೊಂದು, ಅವನಿಗೆ ಮಲಯಾಳಂ ಬರುವುದಿಲ್ಲ.

ಓಣಿಯ ಹೆಸರು ಆಂಜಿಲಿಮೂಡು ಲೇನ್, ಶ್ರೀಕಾರ್ಯಂನಿಂದ ಸ್ವಲ್ಪ ಒಳಗೆ. ಬಾಡಿಗೆ ಕೈಗೆಟುಕುತ್ತದೆ ಎಂಬ ಒಂದೇ ಕಾರಣಕ್ಕೆ ಎಲ್ಲ ದಿಕ್ಕಿನವರೂ ಅಲ್ಲಿ ಬಂದು ಸೇರಿದ್ದಾರೆ. ರಾಕೆಟ್ ಕೆಲಸದ ಇಂಜಿನಿಯರ್ ಇದ್ದಾರೆ, ಚಾಲೈ ಮಾರುಕಟ್ಟೆಯ ಈರುಳ್ಳಿ ಸಗಟು ವ್ಯಾಪಾರಿ ಇದ್ದಾರೆ, ತಮಿಳು ದರ್ಜಿ, ನಿವೃತ್ತ ಮೇಷ್ಟ್ರು, ಒಡಿಶಾದ ಗಾರೆ ಕೆಲಸದವರು ಎಲ್ಲರೂ ಇದ್ದಾರೆ. ಕೇರಳದಲ್ಲಿ ಮೂರು ಮನೆ ಸಾಲಾಗಿ ನಿಂತರೆ ಸಾಕು, ಅಲ್ಲೊಂದು ರೆಸಿಡೆಂಟ್ಸ್ ಅಸೋಸಿಯೇಷನ್ ಹುಟ್ಟುತ್ತದೆ. ಅದಕ್ಕೊಂದು ರಬ್ಬರ್ ಸ್ಟ್ಯಾಂಪು, ಪ್ರತಿ ಮನೆಗೂ ಒಂದು ಅಸೋಸಿಯೇಷನ್ ನಂಬರು. ಈ ಓಣಿಯಲ್ಲಿ ಆ ನಂಬರು ಎಲ್ಲಿಂದ ಶುರುವಾಗಬೇಕು ಎಂಬುದಕ್ಕೇ ಜಗಳ ಹತ್ತಿತು. ಬಸ್ ನಿಲ್ಲುವುದು ಮೇಲಿನ ತುದಿಯಲ್ಲಿ, ಒಂದನೇ ಮನೆ ಇಲ್ಲೇ ಎಂದರು ಮೇಲಿನವರು. ಕಾರು ಒಳಗೆ ಬರುವುದು ಕೆಳಗಿನ ತುದಿಯಿಂದ, ಒಂದು ಇಲ್ಲೇ ಎಂದರು ಕೆಳಗಿನವರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ನಾಲ್ಕು ವರ್ಷ ನಡೆದು, ಕೊನೆಗೆ ಪ್ರತಿ ಗೇಟಿಗೂ ಎರಡು ಫಲಕ ಬಿದ್ದವು. ಮೇಲಿನಿಂದ ಎಣಿಸಿದ್ದು ಕೆಂಪು, ಕೆಳಗಿನಿಂದ ಎಣಿಸಿದ್ದು ನೀಲಿ.

ಹಾಗಾಗಿ ಓಣಿಯಲ್ಲಿ ಎಂಟನೇ ನಂಬರಿನ ಮನೆಗಳು ಎರಡಿವೆ. ಒಂದು ಎಂಟಕ್ಕೆ ತರಿಸಿದ ಬಿರಿಯಾನಿ ಇನ್ನೊಂದು ಎಂಟಕ್ಕೆ ಹೋಗುತ್ತಿತ್ತು, ಆ ಎಂಟರ ಗ್ಯಾಸ್ ಸಿಲಿಂಡರ್ ಈ ಎಂಟಕ್ಕೆ ಬರುತ್ತಿತ್ತು. ಹೀಗೆ ಒಬ್ಬರ ಸಾಮಾನು ಇನ್ನೊಬ್ಬರು ತಂದುಕೊಡುತ್ತಲೇ ಆ ಎರಡು ಮನೆಯ ಹುಡುಗ ಹುಡುಗಿ ಮದುವೆಯಾದರು. ಲಗ್ನಪತ್ರಿಕೆಯಲ್ಲಿ ವರನ ಮನೆ ಎಂಟು, ವಧುವಿನ ಮನೆಯೂ ಎಂಟು, ಮತ್ತು ಎರಡೂ ಸರಿಯಾಗಿದ್ದವು. ಇಡೀ ಓಣಿಯಲ್ಲಿ ಎತ್ತಲಿಂದ ಎಣಿಸಿದರೂ ಒಂದೇ ನಂಬರು ಬರುವ ಮನೆ ನಟ್ಟನಡುವಿನ ಇಪ್ಪತ್ತೊಂದು ಮಾತ್ರ. ಅದರಲ್ಲಿ ನಮ್ಮ ವಿಶ್ವೇಶ್ವರನಿದ್ದ.

ಅವನೂ ನಾನೂ ಬಾಗಲಕೋಟೆಯಲ್ಲಿ ಪಿಯುಸಿಗೆ ಒಂದೇ ಬೆಂಚಿನವರು. ಈಗ ನಾನು ಕೊಚ್ಚಿಯ ಪಾಲಾರಿವಟ್ಟಂನಲ್ಲಿ ಬ್ಯಾಂಕಿನವನು, ಅವನು ತಿರುವನಂತಪುರದಲ್ಲಿ ಗೆಡ್ಡೆ ಗೆಣಸಿನ ಸಂಶೋಧನೆ ಮಾಡುವ ಕೇಂದ್ರ ಸಂಸ್ಥೆಯಲ್ಲಿ ತಾಂತ್ರಿಕ ಅಧಿಕಾರಿ. ತಿನ್ನುವುದು ಜೋಳದ ರೊಟ್ಟಿ, ಅದನ್ನು ತಿನ್ನಲು ಸಂಬಳ ಕೊಡುವುದು ಮರಗೆಣಸು. ಅವನು ಓಣಿಗೆ ಬಂದು ಎರಡು ವರ್ಷವಾದಾಗ ಅಧ್ಯಕ್ಷರ ಚುನಾವಣೆ ಬಂತು. ಈ ಮನುಷ್ಯನಿಗೆ ಆ ಕಡೆಯವರ ಚಾಡಿ ಅರ್ಥವಾಗುವುದಿಲ್ಲ ಎಂದು ಎರಡು ಕಡೆಯವರಿಗೂ ಒಟ್ಟಿಗೇ ಹೊಳೆಯಿತು. ಅವಿರೋಧವಾಗಿ ಆರಿಸಿದರು. ಕಾರ್ಯದರ್ಶಿ ಜನಾರ್ದನನ್ ಪಿಳ್ಳೆ ಹಳೆಯ ಸೆಕ್ರೆಟರಿಯೇಟ್ ಗುಮಾಸ್ತರು, ಬಾಯಿಮಾತಿಗೆ ಬಿಡುವವರಲ್ಲ. ನಿಯಮಾವಳಿಯಲ್ಲಿ ಒಂದು ಸಾಲು ಸೇರಿಸಿದರು: ಅಧ್ಯಕ್ಷರು ಮನೆಯ ಕಾರಣದಿಂದಲೋ ಭಾಷೆಯ ಕಾರಣದಿಂದಲೋ ಯಾವ ಪಕ್ಷಕ್ಕೂ ಸೇರದವರಾಗಿರಬೇಕು.

ಸಭೆಯಲ್ಲಿ ನಡೆಯುವುದನ್ನು ಅಧ್ಯಕ್ಷರಿಗೆ ತಿಳಿಸಲು ಒಬ್ಬರು ಬೇಕಲ್ಲ. ಅದಕ್ಕೆ ಮಗಳು ಪ್ರತೀಕ್ಷಾಳನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಆಗ ಅವಳಿಗೆ ಹನ್ನೆರಡು. ಆ ಹೊತ್ತಿಗೆ ಅವಳು ಕನ್ನಡ ಆಡುವುದನ್ನು ಹೆಚ್ಚುಕಡಿಮೆ ಬಿಟ್ಟೇಬಿಟ್ಟಿದ್ದಳು. ವಿಶ್ವೇಶ್ವರನ ಹೆಂಡತಿ ನಿರ್ಮಲ ಆರೇ ತಿಂಗಳಲ್ಲಿ ಮೀನಿನವಳ ಹತ್ತಿರ ಮಲಯಾಳಂ ಕಲಿತವಳು, ಮೀನು ತಿನ್ನದವಳು ಮೀನಿನವಳ ಹತ್ತಿರ ಯಾಕೆ ಹೋದಳೋ ಕೇಳಬೇಡಿ. ಅವಳು ಕನ್ನಡದಲ್ಲಿ ಕೇಳಿದರೆ ಮಗಳು ಮಲಯಾಳಂನಲ್ಲಿ ಉತ್ತರಿಸುತ್ತಿದ್ದಳು, ಇಬ್ಬರಿಗೂ ಅದರಿಂದ ತೊಂದರೆಯಿರಲಿಲ್ಲ. ಅಪ್ಪನಿಗೆ ಮಾತ್ರ ಆ ಹಾದಿಯಿರಲಿಲ್ಲ. ಪ್ರತಿ ತಿಂಗಳ ಎರಡನೇ ಭಾನುವಾರ ಸಭೆ, ಹಿಂದಿನ ಶನಿವಾರ ಸಂಜೆ ತಂದೆ ಮಗಳಿಗೆ ಕನ್ನಡದ ತಾಲೀಮು. ಮರುದಿನ ಬೇಕಾಗುವ ಮಾತುಗಳನ್ನೆಲ್ಲ ಅವನು ಹೇಳಿಕೊಡುತ್ತಿದ್ದ: ಠರಾವು, ಅನುಮೋದನೆ, ಆಕ್ಷೇಪ, ಗಟಾರ. ಅದರಿಂದ ಅವಳ ಕನ್ನಡ ಬೆಳೆದ ರೀತಿಯೇ ಬೇರೆಯಾಯಿತು. ಹದಿನೈದಕ್ಕೆ ಅವಳು ಅಪ್ಪನ ಮುಂದೆ ನಿಂತು, "ಮೊಬೈಲ್ ಬಗ್ಗೆ ಒಂದ ಠರಾವು ಮಂಡಿಸತೀನಿ, ಅಮ್ಮನ ಅನುಮೋದನೆ ಐತಿ, ನಿಮ್ಮ ಆಕ್ಷೇಪ ಇದ್ದರ ಹೇಳ್ರಿ" ಎಂದಳಂತೆ. ಅವನು ಆಕ್ಷೇಪ ಎತ್ತಲಿಲ್ಲ.

ಎರಡು ವರ್ಷದ ಹಿಂದೆ ಅವನು ಯಾವುದೋ ತರಬೇತಿಗೆ ಕೊಚ್ಚಿಗೆ ಬಂದ. ವೈಟ್ಟಿಲ ಹಬ್‌ನಲ್ಲಿ ಬಸ್ಸಿಳಿಯುತ್ತಾನೆ, ಪಾಪ, ಭಾಷೆ ಬಾರದವನು ಎಂದು ನಾನು ರಜೆ ಹಾಕಿ ಕರೆಯಲು ಹೋದೆ. ನೋಡಿದರೆ ಈ ಮಹಾಶಯ ಆಟೋದವನ ಜೊತೆ ಯಾವ ರಸ್ತೆ ಹತ್ತಿರ ಎಂದು ಸೊಗಸಾದ ಮಲಯಾಳಂನಲ್ಲಿ ವಾದ ಮಾಡುತ್ತಿದ್ದಾನೆ. ಹನ್ನೊಂದು ವರ್ಷ ಇಲ್ಲಿದ್ದ ನನ್ನ ಮಲಯಾಳಂ ಅದರ ಮುಂದೆ ಬಾಲವಾಡಿ. ಆಟೋದವನು, "ತಿರುವನಂತಪುರದಲ್ಲಿ ಎಲ್ಲಿ ಅಣ್ಣಾ ನಿಮ್ಮ ತರವಾಡು?" ಎಂದು ಹಿರಿಯರ ಮನೆಯನ್ನೇ ಕೇಳಿದ. ನನ್ನನ್ನು ಕಂಡದ್ದೇ ವಿಶ್ವೇಶ್ವರನ ಮುಖ ಬಿಳಚಿಕೊಂಡಿತು. ಚಹಾದಂಗಡಿಯ ಹಿಂದಕ್ಕೆ ಎಳೆದುಕೊಂಡು ಹೋದ.

"ಯಾವಾಗ ಕಲತಿಯೋ?" ಎಂದೆ.

"ನಾಕ ವರ್ಷ ಆತು. ದಿನಾ ಮರಗೆಣಸಿನ ರೈತರ ಕೂಡ ಹೊಲದಾಗ ನಿಂತರ ಕಲ್ಲೂ ಕಲೀತೈತಿ. ಯಾರಿಗೂ ಹೇಳಬ್ಯಾಡಲೇ."

"ಅಧ್ಯಕ್ಷಗಿರಿ ಹೋಗತೈತಿ ಅಂತ ಹೆದರಿಕೆ ಏನು?"

"ಅದನ್ನ ತಗೊಂಡು ಏನ್ ಮಾಡ್ಲಿ? ಪ್ರತೀಕ್ಷಾಗ ಗೊತ್ತಾಗಬಾರದು," ಎಂದ. ಚಹಾ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದ. "ಆಕಿ ಕನ್ನಡಾ ಮಾತಾಡೂದು ಜಗತ್ತಿನ್ಯಾಗ ನನ್ನೊಬ್ಬನ ಕೂಡ. ನನಗ ಬ್ಯಾರೆ ತಿಳಿಯೂದಿಲ್ಲ ಅಂತ ಮಾತಾಡ್ತಾಳ. ತಿಳೀತೈತಿ ಅಂತ ಗೊತ್ತಾದ ದಿನ ಅದೂ ಮುಗೀತು."

"ಇಂಗ್ಲಿಷ್ ನಿನಗ ಬರೂದು ಆಕಿಗೆ ಗೊತ್ತಿಲ್ಲೇನು?"

"ಮನ್ಯಾಗ ಯಾರರ ಇಂಗ್ಲಿಷ್ ಮಾತಾಡಿದರ ನನಗ ಕೆಮ್ಮು ಬರತೈತಿ."

ನಿಜಕ್ಕೂ ಬರಿಸಿಕೊಳ್ಳುತ್ತಿದ್ದನಂತೆ. ಇಷ್ಟು ವರ್ಷದಲ್ಲಿ ಅವನು ಪಟ್ಟ ಪಾಡು ಕೇಳಿ ನನಗೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಟಿವಿಯಲ್ಲಿ ಹಾಸ್ಯ ಬಂದರೆ ಮಗಳು ಕನ್ನಡದಲ್ಲಿ ಹೇಳುವ ತನಕ ನಗು ತಡೆದು ಕೂರುತ್ತಿದ್ದ. ಸಭೆಯಲ್ಲಿ ಬೈಗಳು ಬಂದಾಗ ಅರ್ಥವಾಗದ ಮುಗುಳ್ನಗೆ ಹೊತ್ತುಕೊಂಡು ಇರುತ್ತಿದ್ದ. ಎಲ್ಲಕ್ಕಿಂತ ಹೆಚ್ಚಾಗಿ, ಮಗಳು ಆ ಬೈಗಳನ್ನು ತಿದ್ದಿ, ಸಕ್ಕರೆ ಹಾಕಿ ಕನ್ನಡಕ್ಕೆ ತರುವುದನ್ನು ಕೇಳಿಸಿಕೊಳ್ಳುತ್ತಿದ್ದ. ಯಾರೋ ಒಮ್ಮೆ, ಈ ಅಧ್ಯಕ್ಷ ಕುರ್ಚಿಗೆ ಭಾರ ಎಂದರಂತೆ. ಪ್ರತೀಕ್ಷಾ ಅಪ್ಪನ ಕಿವಿಯಲ್ಲಿ, ಕುರ್ಚಿಗೆ ನಿಮ್ಮಿಂದ ತೂಕ ಬಂತು ಅಂತಾರ, ಎಂದಳಂತೆ. ಅದನ್ನು ಹೇಳುವಾಗ ಅವನ ಕಣ್ಣು ತುಂಬಿತ್ತು. ಇಂಥ ಮೂರ್ಖನಿಗೆ ಇಂಥ ಮಗಳು ಎಂದು ನನಗೆ ಹೊಟ್ಟೆಕಿಚ್ಚೂ ಆಯಿತು.

ಈ ವರ್ಷ ಓಣಂ ಮುಗಿಯುತ್ತಿದ್ದಂತೆ ಕೇಡು ಬಂತು. ವಿಶ್ವೇಶ್ವರನ ಮೇಲ್ಗಡೆಯ ಪಕ್ಕದ ಮನೆ ಕಲ್ಯಾಣಿಯಮ್ಮನದು. ಅವರ ಮಗ ಅಮ್ಮನ ಹಿತ್ತಿಲಿನ ಅರ್ಧ ಜಾಗದಲ್ಲಿ ತನಗೊಂದು ಮನೆ ಕಟ್ಟಿಕೊಂಡ. ಗೃಹಪ್ರವೇಶಕ್ಕೆ ಇಡೀ ಓಣಿ ಸೇರಿ ಪಾಯಸ ಕುಡಿಯುತ್ತಿರುವಾಗ, ಮೇಲಿನವರ ಮುಖಂಡರಾದ ನಿವೃತ್ತ ಮೇಷ್ಟ್ರು ಯೋಹನ್ನಾನ್ ಮಾಷ್ ಲೋಟ ಕೆಳಗಿಟ್ಟು ಬೆರಳು ಮಡಿಸತೊಡಗಿದರು. ಮನೆಗಳು ಈಗ ನಲವತ್ತೆರಡು. ನಲವತ್ತೆರಡಕ್ಕೆ ನಡುಮನೆಯೇ ಇಲ್ಲ. ಅಧ್ಯಕ್ಷರ ಮನೆ ಮೇಲಿನಿಂದ ಇಪ್ಪತ್ತೆರಡು, ಕೆಳಗಿನಿಂದ ಇಪ್ಪತ್ತೊಂದು. ಅಂದರೆ ಅಧ್ಯಕ್ಷರು ಕೆಳಗಿನ ಪಕ್ಷದವರಾದರು. ಮಾಷ್ ಉಳಿದ ಪಾಯಸ ಮುಟ್ಟಲಿಲ್ಲ.

ಮುಂದಿನ ಭಾನುವಾರದ ಸಭೆಗೆ ಬಾ ಎಂದು ವಿಶ್ವೇಶ್ವರನೇ ನನಗೆ ಫೋನು ಮಾಡಿದ. ಬೆಳಗಿನ ರೈಲು ಹಿಡಿದು ಹೋದೆ. ಸಭೆ ಅಂಗನವಾಡಿಯಲ್ಲಿ, ಗೋಡೆಯ ತುಂಬ ಆನೆ, ಮೊಲ. ಹಿಂದಿನ ಸಾಲಿನಲ್ಲಿ ನಿರ್ಮಲಳ ಪಕ್ಕ ಕುಳಿತೆ. ಎದುರಿಗೆ ಮೇಜಿನ ಹಿಂದೆ ಅಧ್ಯಕ್ಷ, ಅವನ ಬಲಕ್ಕೆ ಹತ್ತೊಂಬತ್ತರ ಪ್ರತೀಕ್ಷಾ, ಎಡಕ್ಕೆ ಪಿಳ್ಳೆಯವರು ಮತ್ತು ಅವರ ದಪ್ಪ ನಡಾವಳಿ ಪುಸ್ತಕ.

ಯೋಹನ್ನಾನ್ ಮಾಷ್ ಎದ್ದರು. ಹೇಳಿದ್ದೆಲ್ಲ ಮಲಯಾಳಂನಲ್ಲಿ. ಮನೆ ನಡುವಿನಿಂದ ಜರುಗಿದೆ, ಆದ್ದರಿಂದ ಅಧ್ಯಕ್ಷರು ಇಳಿಯಬೇಕು.

ಪ್ರತೀಕ್ಷಾ ಅಪ್ಪನ ಕಡೆ ಬಾಗಿದಳು. "ಅಪ್ಪಾ, ಓಣಿ ಬೆಳದೈತಿ ಅಂತ ಮಾಷ್ ಸಂತೋಷ ವ್ಯಕ್ತ ಮಾಡಾಕತ್ತಾರ."

ವಿಶ್ವೇಶ್ವರ ಮಾಷ್ ಕಡೆ ನೋಡಿ ಕೈ ಮುಗಿದ. ಅದು ಅವರನ್ನು ಇನ್ನಷ್ಟು ಕೆಣಕಿತು. ಏಳು ವರ್ಷ ಒಂದು ಮರದ ಕೊರಡನ್ನು ಕೂರಿಸಿ ಅದರ ಮುಂದೆ ಮಾತಾಡಿದ್ದೇವೆ, ನಮ್ಮ ಅನ್ನ ಉಂಡು ನಮ್ಮ ನಾಲ್ಕು ಮಾತು ಕಲಿಯದ ಮನುಷ್ಯ, ಇಂಥವರಿಗೆ ಈ ಓಣಿ ಯಾವತ್ತೂ ಊರಾಗುವುದಿಲ್ಲ, ಎಂದರು.

"ಅಪ್ಪಾ, ನಿಮ್ಮ ಸೇವಾ... ಮರದ ಹಂಗ ಗಟ್ಟಿ ಐತಿ ಅಂತ," ಎಂದಳು ಪ್ರತೀಕ್ಷಾ. "ಏಳ ವರ್ಷ ದುಡದೀರಿ, ಇನ್ನ ಮ್ಯಾಲ ನೀವು... ನಿಮಗ ಈ ಊರು..."

ಅಲ್ಲಿಗೆ ಅವಳ ಕನ್ನಡ ಮುಗಿಯಿತು. ತುಟಿ ಕಚ್ಚಿಕೊಂಡು ಮೇಜು ನೋಡಿದಳು. ಶನಿವಾರದ ತಾಲೀಮಿನಲ್ಲಿ ಈ ಮಾತಿಗೆ ಬೇಕಾದ ಪದ ಯಾವುದನ್ನೂ ಅವನು ಹೇಳಿಕೊಟ್ಟಿರಲಿಲ್ಲ.

ವಿಶ್ವೇಶ್ವರ ಮಗಳ ತಲೆಯ ಮೇಲೆ ಕೈಯಿಟ್ಟ. "ಮತಿ ಮೋಳೇ," ಎಂದ. "ಎನಿಕ್ಕು ಎಲ್ಲಾಂ ಮನಸ್ಸಿಲಾಯಿ."

ಸಾಕು ಮಗಳೇ, ನನಗೆಲ್ಲ ಅರ್ಥವಾಯಿತು. ಮಾತು ಆಡಿ ಮುಗಿದ ಮೇಲೆಯೇ ಯಾವ ಭಾಷೆಯಲ್ಲಿ ಆಡಿದೆ ಎಂದು ಅವನಿಗೆ ಹೊಳೆದದ್ದು. ಪ್ರತೀಕ್ಷಾ ಕುರ್ಚಿ ಸರಿಸಿ ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತಳು. ಅವನು ಅವಳ ಬೆನ್ನನ್ನೇ ನೋಡುತ್ತಿದ್ದ. ಸಭೆ, ಪದವಿ, ಓಣಿ ಯಾವುದೂ ಅವನಿಗೆ ಬೇಡವಾಗಿತ್ತು. ನನಗೆ ಆ ಮಾಷ್‌ನ ಮೇಲೆ ಕೊಲ್ಲುವಷ್ಟು ಸಿಟ್ಟು ಬಂತು.

ಮೊದಲು ಬಾಯಿ ಬಿಟ್ಟವರು ಕಲ್ಯಾಣಿಯಮ್ಮ. "ಅರ್ಥವಾಗುತ್ತದೆ ಅಂತ ನಮಗೆ ಮೂರು ವರ್ಷದಿಂದ ಗೊತ್ತಲ್ಲ ಸಾರೇ," ಎಂದರು, ಅಡುಗೆಗೆ ಉಪ್ಪಿಲ್ಲ ಎನ್ನುವ ಧಾಟಿಯಲ್ಲಿ. "ನಾನು ಬೇಲಿಯ ಹತ್ತಿರ ನಿಂತು, ಬೀದಿದೀಪ ಕೆಟ್ಟಿದೆ, ಬಿದ್ದು ಕಾಲು ಮುರಿದುಕೊಳ್ಳುತ್ತೇನೆ ಅಂತ ಗಾಳಿಗೆ ಹೇಳಿದೆ. ಮರುದಿನ ದೀಪ ಹತ್ತಿತು. ಗಾಳಿ ಹೋಗಿ ಅರ್ಜಿ ಕೊಟ್ಟಿತೇ?"

ಚಾಲೈಯ ಈರುಳ್ಳಿ ವ್ಯಾಪಾರಿ ಶಂಸುದ್ದೀನ್ ಕೆಳಗಿನವರ ಮುಖಂಡರು. ಅವರೂ ತಲೆ ಕೆರೆದುಕೊಂಡರು. ತಮ್ಮ ಕಡೆಯವರಿಗೆ ಏನಾದರೂ ಆಗಬೇಕಿದ್ದರೆ ಇಪ್ಪತ್ತೊಂದರ ಗೇಟಿನ ಮುಂದೆ ನಿಂತು ಫೋನಿನಲ್ಲಿ ಜೋರಾಗಿ ಮಾತಾಡುವುದು ವಾಡಿಕೆಯಂತೆ. ಫೋನಿನ ಆ ತುದಿಯಲ್ಲಿ ಯಾರೂ ಇರುತ್ತಿರಲಿಲ್ಲವಂತೆ. ಎಲ್ಲರ ಕಣ್ಣೂ ಮಾಷ್ ಕಡೆ ತಿರುಗಿತು. ಮಾಷ್ ಕನ್ನಡಕ ಒರೆಸಿಕೊಂಡರು. "ಚರಂಡಿಯ ವಿಷಯ ನಾನೂ ಅಲ್ಲೇ ನಿಂತು ಹೇಳಿದ್ದೆ," ಎಂದರು. "ಕೊರಡು ಅಂದದ್ದು, ಅವರು ನಿಜವಾಗಿಯೂ ಕಲಿತಿದ್ದಾರೋ ಅಂತ ನೋಡೋಣ ಅಂತ." ಸುಳ್ಳು. ಸಿಟ್ಟಿಗೇ ಅಂದದ್ದು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಈ ಮನುಷ್ಯ ಇಷ್ಟು ವರ್ಷ ಕಳೆದಿದ್ದ. ಓಣಿಯೇ ಹಾಲಿನ ಬಟ್ಟಲು ತುಂಬಿಸುತ್ತ ಬಂದಿತ್ತು.

ಪಿಳ್ಳೆಯವರಿಗೆ ಮಾತ್ರ ಸಮಾಧಾನವಿಲ್ಲ. ನಿಯಮಾವಳಿ ತೆರೆದು ಕನ್ನಡಕದ ಮೇಲಿಂದ ಸಭೆಯನ್ನು ನೋಡಿದರು. ಮನೆಯಿಂದಲೋ ಭಾಷೆಯಿಂದಲೋ ಪಕ್ಷಾತೀತರಾಗಿರಬೇಕು. ಮನೆ ಜರುಗಿದರೂ ಭಾಷೆಯೊಂದೇ ಸಾಕಿತ್ತು. ಈಗ ಭಾಷೆಯೂ ಹೋಯಿತು. ಹೊಸ ಅಧ್ಯಕ್ಷರನ್ನು ಹುಡುಕಬೇಕು. ಹಾಗೆಂದದ್ದೇ ತಡ, ಮೇಲಿನವರೂ ಕೆಳಗಿನವರೂ ಪರಸ್ಪರ ಮುಖ ನೋಡಿಕೊಂಡರು. ನಂಬರಿನ ಜಗಳದ ಆ ನಾಲ್ಕು ವರ್ಷ ಎಲ್ಲರಿಗೂ ನೆನಪಿತ್ತು. ಎರಡು ಕಡೆಯವರು ಒಂದೇ ವಿಷಯಕ್ಕೆ ಗುಸುಗುಸು ಮಾಡಿದ್ದು ಆ ಚುನಾವಣೆಯ ನಂತರ ಇದೇ ಮೊದಲು ಎಂದಳು ನಿರ್ಮಲ.

ಮಾಷ್ ಎದ್ದು ಗಂಟಲು ಸರಿಪಡಿಸಿಕೊಂಡರು. "ಅಧ್ಯಕ್ಷರಾದ ವಿಶ್ವೇಶ್ವರ ಸಾರ್ ಅವರಿಗೆ ಮಲಯಾಳಂ ಬರುವುದಿಲ್ಲ ಎಂದು ಈ ಸಭೆ ನಿರ್ಣಯಿಸುತ್ತದೆ," ಎಂದರು.

"ಅನುಮೋದಿಸುತ್ತೇನೆ," ಎಂದರು ಶಂಸುದ್ದೀನ್.

ಕೈಗಳು ಎದ್ದವು. ನಿರ್ಮಲ ಎತ್ತಿದಳು. ಮತವಿಲ್ಲದ ನಾನೂ ಎತ್ತಿದೆ. ಪಿಳ್ಳೆಯವರು ಎಣಿಸಿ ಪುಸ್ತಕದಲ್ಲಿ ಮಲಯಾಳಂ ಅಕ್ಷರದಲ್ಲಿ ಬರೆದು, ಸಹಿಗಾಗಿ ಅಧ್ಯಕ್ಷರ ಮುಂದೆ ತಳ್ಳಿದರು. ವಿಶ್ವೇಶ್ವರ ಅದನ್ನು ನೋಡಲಿಲ್ಲ. ಕಿಟಕಿಯನ್ನೇ ನೋಡುತ್ತಿದ್ದ.

ಪ್ರತೀಕ್ಷಾ ದುಪಟ್ಟಾದ ತುದಿಯಲ್ಲಿ ಮೂಗು ಒರೆಸಿಕೊಂಡು ಬಂದಳು. ತನ್ನ ಕುರ್ಚಿಯನ್ನು ಅಪ್ಪನ ಹತ್ತಿರಕ್ಕೆ ಎಳೆದುಕೊಂಡು ಕುಳಿತು, ಪುಸ್ತಕದ ಆ ಸಾಲಿನ ಕೆಳಗೆ ಬೆರಳಿಟ್ಟಳು.

"ಅಪ್ಪಾ, ಠರಾವು ಮಂಜೂರ ಆತು," ಎಂದಳು.

ಅವನು ಅವಳ ಮುಖ ನೋಡಿದ. "ಏನಂತ?"

"ನಿಮಗ ಮಲಯಾಳಂ ಬರೂದಿಲ್ಲಂತ."

"ಎಲ್ಲಾರೂ ಒಪ್ಪ್ಯಾರೇನು?"

"ಒಪ್ಪ್ಯಾರ. ಕಿಟಕಿ ಹತ್ತರ ನಿಂತು ನಾನೂ ಕೈ ಎತ್ತೀನಿ."

ವಿಶ್ವೇಶ್ವರನಿಗೆ ಕೆಮ್ಮು ಬಂತು. ಆ ಅಂಗನವಾಡಿಯಲ್ಲಿ ಅಷ್ಟು ಹೊತ್ತಿನಿಂದ ಯಾರೂ ಒಂದು ಮಾತೂ ಇಂಗ್ಲಿಷ್ ಆಡಿರಲಿಲ್ಲ.